ಕೊಟ್ಟಿಗೆಯಲ್ಲಿ ಕುದಿಸಿದ ಸೂಪು

ವಿಷಮಜ್ವರ ಬಿಟ್ಟ ಮೇಲೂ ವೈನಿಗೆ ಎದ್ದು ಕೂಡುವ ತ್ರಾಣ ಬರಲಿಲ್ಲ. ವೈನಿ ಎಂದರೆ ಅಣ್ಣನ ಹೆಂಡತಿ. ನನ್ನನ್ನು ಪುಣೆಯ ಕಾಲೇಜಿಗೆ ಕಳಿಸಲೇಬೇಕೆಂದು ಮನೆಯವರೊಡನೆ ಜಗಳವಾಡಿದವಳು. ಸೊಲ್ಲಾಪುರದ ಡಾಕ್ಟರರು, ಕಾಯಿಪಲ್ಲೆ ಬೇಯಿಸಿ ಸೋಸಿ, ಮೊಟ್ಟೆ ಹಾಕಿ ಸೂಪು ಮಾಡಿಕೊಡಿ, ಇಲ್ಲದಿದ್ದರೆ ಈಕೆ ಉಳಿಯುವುದಿಲ್ಲ ಎಂದರು. ಅಣ್ಣ ನೆಲ ನೋಡಿದ. ನಮ್ಮದು ಅಕ್ಕಲಕೋಟೆ ಸಂಸ್ಥಾನದ ಹಳ್ಳಿ, ಲಿಂಗ ಕಟ್ಟಿದ ಮನೆತನ. ಮೊಟ್ಟೆ ನಮ್ಮ ಹೊಸ್ತಿಲು ದಾಟುವಂತಿರಲಿಲ್ಲ.

ಸೊಲ್ಲಾಪುರದ ನವಿ ಪೇಠದಲ್ಲಿ ಒಂದು ಜರ್ಮನ್ ಪಾತೇಲಿ, ಎಂದರೆ ಅಲ್ಯುಮಿನಿಯಂ ಪಾತ್ರೆ, ಕೊಂಡು ತಂದೆ. ಒಲೆಯನ್ನು ದನದ ಕೊಟ್ಟಿಗೆಯಲ್ಲಿ ಹೂಡಿದೆ. ಊರಂಚಿನಲ್ಲಿ ಕುರಿ ಕೋಳಿ ಸಾಕಿಕೊಂಡಿದ್ದ ವಿಧವೆಯೊಬ್ಬಳು ನಸುಕಿನಲ್ಲಿ ಸೆರಗಿನೊಳಗೆ ಮೊಟ್ಟೆ ತರುತ್ತಿದ್ದಳು. ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿದ್ದೆ.

"ಬೀರಪ್ಪನ ಆಣಿರಿ. ನಾ ಅಷ್ಟ ಅಲ್ಲ, ನನ್ನ ಕೋಳಿನೂ ಬಾಯಿ ಬಿಡಾಂಗಿಲ್ಲ," ಎಂದು ನಕ್ಕಿದ್ದಳು.

ಗಜ್ಜರಿ, ಹೀರೇಕಾಯಿ, ಉಳ್ಳಾಗಡ್ಡಿಗೆ ಉಪ್ಪು ಅರಿಷಿಣ ಹಾಕಿ ಮೆತ್ತಗೆ ಬೇಯಿಸಿ, ಕಿವುಚಿ, ಬಟ್ಟೆಯಲ್ಲಿ ಸೋಸುತ್ತಿದ್ದೆ. ಸೋಸಿ ಮತ್ತೆ ಕುದಿಸಿದ ಆ ನೀರಿಗೆ ಕಡೆದ ಮೊಟ್ಟೆಯನ್ನು ಸಣ್ಣಗೆ ಸುರಿದರೆ ಎಳೆ ಎಳೆಯಾಗಿ ನೂಲು ಏಳುತ್ತಿತ್ತು. ವೈನಿ ಮೂಗು ಮುಚ್ಚಿಕೊಂಡು ಕುಡಿಯುತ್ತಿದ್ದಳು. ಸಿಪ್ಪೆ, ಮೊಟ್ಟೆಯ ಚಿಪ್ಪು, ಹಳದಿಯಾದ ಬಟ್ಟೆ ಎಲ್ಲವನ್ನೂ ಗಂಟು ಕಟ್ಟಿ ಬಣವೆಯ ಬುಡಕ್ಕೆ ತುರುಕಿದೆ. ಹುಗಿಯಬೇಕಿತ್ತು. ಹುಗಿಯಲಿಲ್ಲ.

ಐದನೆಯ ದಿನ ನಾಯಿ ಆ ಗಂಟನ್ನು ಪಕ್ಕದ ಮನೆಯಲ್ಲಿದ್ದ ಚಿಕ್ಕಪ್ಪ, ನಮ್ಮ ಕಾಕಾನ ಅಂಗಳಕ್ಕೆ ಎಳೆದೊಯ್ದಿತು. ಅಂದೇ ಮುಂಜಾನೆ ಕಾಕಾನ ಎಮ್ಮೆ ಸತ್ತ ಕರು ಹಾಕಿತ್ತು.

"ಕರಣಿ ಮಾಡ್ಯಾರ! ಅರಿಷಿಣದ ಅರಿವಿ, ತತ್ತಿ ಚಿಪ್ಪು, ಮತ್ತೇನ್ ಬೇಕು?" ಕಾಕಾ ಕೂಗಿದ. ಮಾಟವೆಂದರೆ ಸಾಕು, ಅಂಗಳ ತುಂಬಿತು.

"ನಸುಕಿನ್ಯಾಗ ಆ ರಂಡಮುಂಡಿ ಸೆರಗಿನ್ಯಾಗ ಏನೋ ಮುಚ್ಕೊಂಡು ಈ ಕಡಿಗೆ ಬರತಿದ್ಲು. ನಾ ಕಂಡೀನಿ," ಎಂದ ಕಾಕಾನ ಹಿರಿಮಗ.

ಅವಳನ್ನು ಕೂದಲು ಹಿಡಿದು ತಂದರು.

"ನಾ ತತ್ತಿ ಮಾರಾಕಿ ರೀ, ಸಾಹುಕಾರ್ರ!"

"ಯಾರಿಗೆ ಮಾರಿದಿ? ಹೇಳಲೇ!"

ಅವಳು ನನ್ನನ್ನು ನೋಡಿದಳು. ಹೇಳಲಿಲ್ಲ.

"ಕಂಬಾರನ ಇಕ್ಕಳ ತರ್ರಿ. ಮುಂದಿನ ಹಲ್ಲ ಕಿತ್ರ ಮಂತ್ರ ಬಾಯಾಗ ನಿಲ್ಲಾಂಗಿಲ್ಲ," ಎಂದ ಕಾಕಾ.

ಇಕ್ಕಳ ತರಲು ಓಡಿದವನು ಊರ ಆ ತುದಿಗೆ ಹೋಗಿ ಬರಬೇಕಿತ್ತು. ಅಷ್ಟು ಹೊತ್ತು ನನಗಿತ್ತು. ಹೇಳಿದರೆ ಜಾತಿಯವರು ನಮ್ಮನ್ನು ಹೊರಗಿಡುತ್ತಾರೆ, ವೈನಿಯ ಸೂಪು ನಿಲ್ಲುತ್ತದೆ, ಅಣ್ಣ ತಲೆ ಎತ್ತಲಾರ ಎಂದೆಲ್ಲ ಯೋಚಿಸುತ್ತ ನಿಂತೆ. ಇದು ಬರೀ ಬೆದರಿಕೆ, ಯಾರೂ ಹಾಗೆ ಮಾಡಲಾರರು ಎಂದೂ ಅಂದುಕೊಂಡೆ. ಮಾಡಿದರು. ಇಬ್ಬರು ಅವಳ ತೋಳು ತಿರುವಿದರು, ಒಬ್ಬ ದವಡೆ ಅದುಮಿದ. ಹಲ್ಲು ಕಿತ್ತು ಬಂದ ಆ ಸದ್ದು ಈಗಲೂ ಊಟದ ನಡುವೆ ಕೇಳಿಸುತ್ತದೆ.

ಇಕ್ಕಳ ಎರಡನೆಯ ಹಲ್ಲಿಗೆ ಹೋಗುವಾಗ ನಮ್ಮ ಬಾಗಿಲಲ್ಲಿ ವೈನಿ ಕಾಣಿಸಿದಳು. ಒಂದು ಕೈ ಗೋಡೆಯ ಮೇಲೆ, ಇನ್ನೊಂದರಲ್ಲಿ ಪಾತೇಲಿ.

"ಬಿಡ್ರಿ ಆಕಿನ್ನ! ಆ ತತ್ತಿ ತಿಂದಾಕಿ ನಾನ. ಕರಣಿ ಅಲ್ಲ ಅದು, ನನ್ನ ಔಷಧ!"

ಎಲ್ಲರೆದುರು ಉಳಿದ ಸೂಪನ್ನು ಗಟಗಟ ಕುಡಿದಳು. ಗದ್ದದ ಮೇಲೆ ಹಳದಿ ನೀರು ಇಳಿಯಿತು.

ತೋಳು ಹಿಡಿದವರು ಕೈಬಿಟ್ಟರು. ತಪ್ಪಾಯಿತು ಎಂದು ಒಬ್ಬನೂ ಅನ್ನಲಿಲ್ಲ. ಕಾಕಾ ವೈನಿಯತ್ತ ಉಗುಳಿದ. "ಇವತ್ತಿಂದ ನಿಮ್ಮನಿ ನೀರು ನಮಗ ಬ್ಯಾಡ. ಸಾಯವಲ್ಲಿ ಯಾಕ?"

ನಾನು ತಂಬಿಗೆ ನೀರು ಹಿಡಿದು ಆ ವಿಧವೆಯ ಬಳಿ ಕೂತೆ. ಅವಳು ರಕ್ತ ಉಗಿದಳು, ಮಣ್ಣಿನಲ್ಲಿ ಕೈಯಾಡಿಸಿ ಹಲ್ಲು ಹುಡುಕಿ ತೆಗೆದಳು, ಸೆರಗಿನಲ್ಲಿ ಒರೆಸಿದಳು.

"ನೀವು ಮೊದಲ ಒಂದ್ ಮಾತು ಅಂದಿದ್ರ," ಎಂದು ಅಂಗೈ ಚಾಚಿ ತೋರಿಸಿದಳು, "ಇದು ಬಾಯಾಗ ಇರತಿತ್ತಲ್ರಿ."

ನೀರು ಮುಟ್ಟಲಿಲ್ಲ.