ಲೀಲಾಧರಣ್ಣ ಜಾಮೀನು ನಿಂತದ್ದು

ಕೋಪರಖೈರಣೆಯ ಹೋಟೆಲೊಂದರ ಹಣದ ಗಲ್ಲೆಯ ಮೇಲೆ ಇಪ್ಪತ್ತೆಂಟು ವರ್ಷಗಳಿಂದ ಕೂತಿರುವ ಲೀಲಾಧರ ಪೂಜಾರಿಗೆ ಪೊಲೀಸರೆಂದರೆ ವಿಪರೀತ ಹೆದರಿಕೆ. ಹವಾಲ್ದಾರನೊಬ್ಬ ಚಹಾ ಕುಡಿಯಲು ಒಳಗೆ ಬಂದರೂ ಅವರು ಎದ್ದು ನಿಂತು, ರೈಲ್ವೆ ಪಾಸು ಕಿಸೆಯಲ್ಲಿದೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತಾರೆ. ಡೊಂಬಿವಲಿಯಿಂದ ಠಾಣೆ ರೈಲು ನಿಲ್ದಾಣದಲ್ಲಿ ಗಾಡಿ ಬದಲಿಸಿ ಬರುವ ಅವರು, ಪಾಸಿನ ಅವಧಿ ಮುಗಿಯುವ ನಾಲ್ಕು ದಿನ ಮೊದಲೇ ಹೊಸದು ಮಾಡಿಸುವ ಜನ. ಹದಿನಾರನೇ ವಯಸ್ಸಿಗೆ ಹಿರಿಯಡಕದಿಂದ ಬಂದು, ಕಪ್ಪು ತೊಳೆಯುವ ಮೋರಿಯಿಂದ ಗಲ್ಲೆಯವರೆಗೆ ಏರಿದ ಈ ದೀರ್ಘ ದಾರಿಯಲ್ಲಿ ಅವರು ಒಂದು ಜಗಳಕ್ಕೂ ಸಾಕ್ಷಿ ಹೇಳಿದವರಲ್ಲ. ಜಗಳ ಕಂಡರೆ ಆಚೆ ಬದಿಯ ರಸ್ತೆಯಲ್ಲಿ ನಡೆಯುತ್ತಿದ್ದರು.

ಒಂದು ಮಂಗಳವಾರ ಬೆಳಿಗ್ಗೆ ಹೋಟೆಲಿಗೆ ಈರುಳ್ಳಿ ಬರಲಿಲ್ಲ. ತುರ್ಭೆಯ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುವ ಜಟ್ಟೆಪ್ಪ ಪ್ರತಿ ಮಂಗಳವಾರ ಏಳಕ್ಕೆ ಸರಿಯಾಗಿ ಚೀಲ ತಂದು ಹಾಕುವವನು. ಆ ದಿನ ಹತ್ತು ಗಂಟೆಗೆ ಅವನ ಬದಲು ಅವನ ಹೆಂಡತಿ ಮರೆಮ್ಮ ಬಂದಳು.

“ಅಣ್ಣಾರ, ನಮ್ಮ ಮನ್ಯಾಗಿನವ್ರನ್ನ ಪೊಲೀಸ್ರು ಒಯ್ದು ಐದು ದಿನ ಆತ್ರಿ.”

“ಅಯ್ಯೋ! ಎಂಥ ಮಾಡಿದ್ದು ಅವ?”

“ಟೆಂಪೋದಾಂವಗ ಸುವರ್ಣಗಡ್ಡಿ ಒಗದಾರ್ರಿ.”

“ಹಸಿಯದ್ದಾ, ಬೇಯಿಸಿದ್ದಾ?” ಎಂದು ಹೋಟೆಲಿನವರ ಬಾಯಿಗೆ ಬಂದದ್ದನ್ನೇ ಲೀಲಾಧರಣ್ಣ ಕೇಳಿದರು.

“ಹಸೀದ್ರಿ. ಮೂರು ಕಿಲೋ ಇತ್ತಂತ.”

ಆದದ್ದು ಇಷ್ಟು. ಟೆಂಪೋ ಹಿಂದಕ್ಕೆ ಬರುತ್ತ ಜಟ್ಟೆಪ್ಪನ ಕಾಲ ಮೇಲೆ ಚಕ್ರ ಹತ್ತಿಸಿತ್ತು. ಡ್ರೈವರ್ ಕ್ಷಮೆ ಕೇಳುವ ಬದಲು ಇವನ ತಾಯಿಯ ಹೆಸರೆತ್ತಿದ. ಕೈಗೆ ಸಿಕ್ಕಿದ್ದು ಗಡ್ಡೆ. ಗಾಜು ಒಡೆದು, ಡ್ರೈವರನ ಹಣೆಗೆ ಮೂರು ಹೊಲಿಗೆ ಬಿತ್ತು. ಪಂಚನಾಮೆಯಲ್ಲಿ ಗಡ್ಡೆಯನ್ನು ಅಪಾಯಕಾರಿ ಆಯುಧ ಎಂದು ಬರೆದು, ಚೀಲಕ್ಕೆ ಹಾಕಿ ಅರಗಿನ ಮುದ್ರೆ ಒತ್ತಿದ್ದರು. ಉಚಿತ ಕಾನೂನು ನೆರವಿನ ವಕೀಲೆ ಕಾಂಚನಾ ಕಷ್ಟಪಟ್ಟು ಜಾಮೀನಿನ ಆದೇಶವನ್ನೇನೋ ತಂದಿದ್ದಳು: ಹದಿನೈದು ಸಾವಿರದ ಮುಚ್ಚಳಿಕೆ, ಒಬ್ಬ ಜಾಮೀನುದಾರ. ಆದರೆ ಜಾಮೀನುದಾರನ ಬಳಿ ಇಲ್ಲಿನ ವಿಳಾಸದ ಕಾಗದ ಇರಬೇಕು; ಮರೆಮ್ಮನ ಝೋಪಡಪಟ್ಟಿಯಲ್ಲಿ ಎಲ್ಲರ ಕಾಗದಗಳೂ ರಾಯಚೂರು, ಕಲಬುರಗಿಯ ಊರುಗಳ ವಿಳಾಸದಲ್ಲಿದ್ದವು. ಆದೇಶ ಸಿಕ್ಕಿಯೂ ಜಟ್ಟೆಪ್ಪ ಜೈಲಿನಲ್ಲೇ ಉಳಿದಿದ್ದ.

“ಜಾಮೀನ ಎಲ್ಲಿ ಮಾರ್ತಾರ ಅಂತ ಕೇಳ್ಕೋತ ಹೋದೆರಿ,” ಎಂದಳು ಮರೆಮ್ಮ. “ಕೋರ್ಟಿನ ಗೇಟಿನ ಬಾಜೂಕ ಒಬ್ಬಾಂವ, ನಾಕ್ ಸಾವಿರ ಕೊಡು, ಜಾಮೀನದಾರನ್ನ ನಾನಾ ಕೊಡ್ತೀನಿ ಅಂದ. ಒಬ್ಬ ಮುದುಕನ್ನ ತೋರ್ಸಿ, ಇಂವ ನಿನ್ನ ಗಂಡನ ಸೋದರಮಾವ ಅಂದ. ಅದಾ ಮುದುಕ ಆಗಷ್ಟ ಒಬ್ಬ ಮರಾಠಿ ಹೆಣಮಗಳಿಗಿ ಅಣ್ಣ ಆಗಿ ಬಂದಿದ್ದ! ವಕೀಲ ಬಾಯಾರು ನೋಡಿ ಅವನ್ನ ಬೈದು ಓಡಿಸಿದ್ರು. ಬೇಲ್ ಮಾರೂ ಅಂಗಡಿ ಎಲ್ಲೂ ಇಲ್ಲ, ನಿಮ್ಮನ್ನ ಬಲ್ಲಾಂವ ಒಬ್ಬ ಬೇಕು ಅಂದ್ರು. ನಮ್ಮನ್ನ ಬಲ್ಲಾವ್ರು ನೀವಾ ಅಲ್ರಿ?”

ಲೀಲಾಧರಣ್ಣ ಕಿಸೆಯಲ್ಲಿದ್ದ ಪಾಸನ್ನು ಮುಟ್ಟಿ ನೋಡಿಕೊಂಡರು. “ನಾಳೆ ಹೇಳ್ತೇನೆ ಮಾರಾಯ್ತಿ,” ಎಂದರು.

ನಾಳೆಯೊಳಗೆ ಅವರು ಸಿಕ್ಕಿದವರನ್ನೆಲ್ಲ ಕೇಳಿದರು. ಆರೋಪಿ ಓಡಿಹೋದರೆ ಅವನ ಜಾಗದಲ್ಲಿ ಜಾಮೀನುದಾರನನ್ನೇ ಒಳಗೆ ಹಾಕುತ್ತಾರೆ ಎಂದು ಹಾಲಿನವನು ಹೇಳಿದ. ಸೊಸೈಟಿಯ ಸೆಕ್ರೆಟರಿ ಇನ್ನೂ ಮುಂದೆ ಹೋಗಿ, ಜಾಮೀನು ನಿಂತ ದಿನದಿಂದಲೇ ಫ್ಲ್ಯಾಟಿಗೆ ಸೀಲು ಬೀಳುತ್ತದೆ ಎಂದ. ಮನೆಯಲ್ಲಿ ಯಾವಾಗಲೂ ತುಳು ಮಾತಾಡುವ ಹೆಂಡತಿ ಜಯಲತಾ ವಿಷಯ ಗಂಭೀರವಾದಾಗ ಮಾತ್ರ ಕನ್ನಡಕ್ಕೆ ಬರುತ್ತಾರೆ. ಅಂದು ಕನ್ನಡಕ್ಕೆ ಬಂದರು.

“ನೋಡಿ, ನಿಮಗೆ ಸೊಳ್ಳೆ ಕಚ್ಚಿದರೆ ಜ್ವರ ಬರ್ತದೆ. ನೀವು ಜೈಲಿಗೆ ಆಗುವ ಮನುಷ್ಯ ಅಲ್ಲ.”

ಮರುದಿನ ಬೇರೆ ಯಾರೋ ಈರುಳ್ಳಿ ತಂದು ಹಾಕಿ ಹೋದ. ಚೀಲ ಬಿಚ್ಚಿದರೆ ಮೇಲಿನ ಎರಡು ಪದರ ಚೆಂದ, ಕೆಳಗೆಲ್ಲ ಕೊಳೆತು ನೀರು. ಲೀಲಾಧರಣ್ಣ ಮೂಗು ಮುಚ್ಚಿಕೊಂಡು ಚೀಲದ ಬಾಯಿ ಕಟ್ಟಿದರು. ಜಟ್ಟೆಪ್ಪ ಹನ್ನೊಂದು ವರ್ಷದಲ್ಲಿ ಇಂಥ ಚೀಲ ಒಂದೂ ತಂದಿರಲಿಲ್ಲ. ಮಳೆಗೆ ಗಾಡಿಗಳೆಲ್ಲ ನಿಂತ ದಿನ ಕೂಡ ಮೊಣಕಾಲು ನೀರಿನಲ್ಲಿ ತಲೆಯ ಮೇಲೆ ಹೊತ್ತು ತಂದಿದ್ದ. ಅವರು ಗಲ್ಲೆಗೆ ಹೋಗಿ ಕಾಂಚನಾಳಿಗೆ ಫೋನು ಮಾಡಿ, ಜನ ಹೇಳಿದ್ದನ್ನೆಲ್ಲ ಒಪ್ಪಿಸಿದರು.

ಕಲ್ಯಾಣದಲ್ಲಿ ಹುಟ್ಟಿ ಬೆಳೆದ ಕಾಂಚನಾಳ ಕನ್ನಡದಲ್ಲಿ ಅರ್ಧ ಹಿಂದಿ. “ಅಂಕಲ್, ಟೆನ್ಶನ್ ಮತ್ ಲೋ. ಹದಿನೈದು ಸಾವಿರ ಈಗ ಕೊಡೋದಲ್ಲ, ಸಿರ್ಫ್ ಬರ್ಕೊಡೋದು. ಅವ್ರು ತಾರೀಕಿಗೆ ಬರ್ಲಿಲ್ಲ ಅಂದ್ರೆ ಕೋರ್ಟ್ ನಿಮಗೆ ನೋಟೀಸ್ ಕೊಟ್ಟು ಕೇಳುತ್ತೆ. ಆವಾಗ ಕಟ್ಟಬೇಕಾಗಬಹುದು. ಅವ್ರ ಬದ್ಲು ನಿಮ್ಮನ್ನ ಒಳಗೆ ಹಾಕಲ್ಲ. ಫ್ಲ್ಯಾಟಿಗೆ ಸೀಲ್-ವೀಲ್ ಕುಛ್ ನಹೀ.”

“ಅಂದ್ರೆ ಅವ ಬಂದ್ರೆ ನಂದೇನೂ ಇಲ್ಲ?”

“ಏನೂ ಇಲ್ಲ. ಆಧಾರ್, ರೇಶನ್ ಕಾರ್ಡ್, ಪಗಾರ್ ಸ್ಲಿಪ್ ತನ್ನಿ.”

ಲೀಲಾಧರಣ್ಣ ಅವುಗಳ ಜೊತೆ ಮದುವೆಯ ಕಾಗದ, ಎಸ್ಸೆಸ್ಸೆಲ್ಸಿ ಫೇಲಾದ ಅಂಕಪಟ್ಟಿ, ಗ್ಯಾಸ್ ಪುಸ್ತಕ ಎಲ್ಲವನ್ನೂ ಕಟ್ಟಿಕೊಂಡು ಬೇಲಾಪುರದ ಕೋರ್ಟಿಗೆ ಹೋದರು. ಮಧ್ಯಾಹ್ನ ಅವರ ಹೆಸರು ಕೂಗಿದರು. ಮೂವತ್ತು ವರ್ಷ ದಾಟಿದರೂ ಅವರಿಗೆ ಬರುವುದು ಹೋಟೆಲಿನ ಮರಾಠಿ ಮಾತ್ರ. ನ್ಯಾಯಾಧೀಶರು ಕತ್ತೆತ್ತಿ, ಕಾಗದಪತ್ರ ತಂದಿದ್ದೀರಾ ಎಂಬರ್ಥದಲ್ಲಿ “ಆಣಲಂ ಕಾ?” ಎಂದರು. ಅಷ್ಟು ವರ್ಷ ಗಿರಾಕಿಗಳಿಗೆ ಹೇಳಿ ರೂಢಿಯಾದ ನಾಲಿಗೆ ತಾನಾಗಿಯೇ ಉತ್ತರ ಕೊಟ್ಟಿತು:

“ದೋನ್ ಮಿನಿಟಾತ್ ಆಣತೋ, ಸಾಹೇಬ್!”

ಎರಡೇ ನಿಮಿಷದಲ್ಲಿ ತರುತ್ತೇನೆ ಎಂದ ಮನುಷ್ಯ ಕಾಗದದ ಕಟ್ಟನ್ನು ಎದೆಗೆ ಅವುಚಿಕೊಂಡು ನಿಂತೇ ಇದ್ದುದನ್ನು ಕಂಡು ಗುಮಾಸ್ತ ನಗು ಅಡಗಿಸಲು ಮುಖ ತಿರುಗಿಸಿಕೊಂಡ. ಆರೋಪಿಯ ಪರಿಚಯ ಹೇಗೆ ಎಂದು ನ್ಯಾಯಾಧೀಶರು ಕೇಳಿದರು.

“ಈರುಳ್ಳಿಯಿಂದ, ಸಾಹೇಬ್,” ಎಂದರು ಲೀಲಾಧರಣ್ಣ, ತಮ್ಮ ಮರಾಠಿಯಲ್ಲಿ. ಮಾತು ಒಮ್ಮೆ ಶುರುವಾದ ಮೇಲೆ ನಿಲ್ಲಲಿಲ್ಲ. ಹನ್ನೊಂದು ವರ್ಷದಲ್ಲಿ ಒಂದೂ ಕೊಳೆತದ್ದು ತಂದಿಲ್ಲ, ಹಬ್ಬಕ್ಕೆ ಸ್ವಲ್ಪ ಕುಡಿಯುತ್ತಾನೆ, ಸಿಟ್ಟು ಬೇಗ, ಎಸೆದದ್ದು ತಪ್ಪೇ. “ಆದರೆ ಸಾಹೇಬ್, ಗಡ್ಡೆ ಮಾತ್ರ ಒಳ್ಳೆಯ ಗಡ್ಡೆ ಇದ್ದಿರಬೇಕು.”

ಹಿಂದೆ ನಿಂತಿದ್ದ ಕಾಂಚನಾ ಜೋರಾಗಿ ಕೆಮ್ಮಿದಳು. ನ್ಯಾಯಾಧೀಶರು ಸಹಿ ಹಾಕಿದರು.

ಕಾಗದ ಜೈಲು ಮುಟ್ಟಿ ಜಟ್ಟೆಪ್ಪ ಹೊರಗೆ ಬಂದದ್ದು ಮರುದಿನ ಸಂಜೆ. ಅಲ್ಲಿಂದ ಅವನ ನಿಜವಾದ ಸೆರೆ ಶುರುವಾಯಿತು. ಲೀಲಾಧರಣ್ಣ ದಿನಕ್ಕೆ ಮೂರು ಸಲ ಫೋನು ಮಾಡಿ ಎಲ್ಲಿದ್ದೀ ಎಂದು ಕೇಳುತ್ತಿದ್ದರು. ಒಂದು ಭಾನುವಾರ ಫೋನು ಎತ್ತಲಿಲ್ಲ. ತುರ್ಭೆಗೆ ಹೋದರೆ ಮನೆಗೆ ಬೀಗ. ಗಂಡಹೆಂಡತಿ ಕಲ್ಯಾಣದ ಕಡೆ ಗಾಡಿ ಹತ್ತಿದರು ಎಂದು ನೆರೆಯವರು ಹೇಳಿದರು. ಕಲ್ಯಾಣದಿಂದ ದೇಶದ ಯಾವ ಮೂಲೆಗಾದರೂ ಗಾಡಿ ಸಿಗುತ್ತದೆ! ಲೀಲಾಧರಣ್ಣ ಅಲ್ಲೇ ನಿಂತು ಕಾಂಚನಾಳ ನಂಬರು ಒತ್ತತೊಡಗಿದರು. ಆಗ ಪಕ್ಕದ ಅಜ್ಜಿ, “ಟಿಟ್ವಾಳಾದ ಗಣಪತಿಗಿ ಹರಕಿ ಅಂದಿದ್ರಪ್ಪ,” ಎಂದಳು.

ಎರಡು ಗಾಡಿ ಬದಲಿಸಿ ಅವರು ಟಿಟ್ವಾಳಾ ತಲುಪಿದಾಗ ಜಟ್ಟೆಪ್ಪ ಕೈಯಲ್ಲಿ ತೆಂಗಿನಕಾಯಿ ಹಿಡಿದು ಸಾಲಿನಲ್ಲಿ ನಿಂತಿದ್ದ. ಬೆವರಿಳಿಸಿಕೊಂಡು ಬಂದ ಮನುಷ್ಯನನ್ನು ನೋಡಿ ಅವನಿಗೆ ಸಿಟ್ಟು ಬರಬೇಕೋ ನಗು ಬರಬೇಕೋ ತಿಳಿಯಲಿಲ್ಲ.

“ಏನ್ರಿ ಅಣ್ಣಾರ, ದೇವ್ರ ಮುಂದ ನಿಲ್ಲಾಕೂ ಜಾಮೀನ ಬೇಕೇನ್ರಿ?”

“ಫೋನ್ ಯಾಕೆ ಎತ್ಲಿಲ್ಲ ನೀನು?”

“ಗುಡಿಯಾಗ ಫೋನ್ ಬಂದ್ ಮಾಡಂತ ಬರದಾರ್ರಿ.”

ಕಾನೂನು ಪಾಲಿಸಿದವನಿಗೆ ಬೈಯುವುದು ಹೇಗೆ? ಲೀಲಾಧರಣ್ಣ ಅವನ ಹಿಂದೆ ಸಾಲಿನಲ್ಲಿ ನಿಂತರು.

ಮೊದಲ ತಾರೀಕಿಗೆ ಜಟ್ಟೆಪ್ಪ ಗಡ್ಡ ಹೆರೆಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಒಂಬತ್ತಕ್ಕೇ ಬಂದಿದ್ದ. ಜಾಮೀನುದಾರ ಪ್ರತಿ ತಾರೀಕಿಗೆ ಬರಬೇಕಾಗಿಲ್ಲ ಎಂದು ಕಾಂಚನಾ ಎಷ್ಟು ಹೇಳಿದರೂ ಲೀಲಾಧರಣ್ಣ ಎಂಟೂವರೆಗೇ ಗೇಟಿನಲ್ಲಿದ್ದರು. ಅವರ ಮುಖ ನೋಡಿ ಅವಳಿಗೆ ಕನಿಕರ ಬಂತು.

“ಅಂಕಲ್, ಇಷ್ಟು ತ್ರಾಸ್ ಆಗೋದಾದ್ರೆ ಜಾಮೀನು ಬೇಡ ಅಂತ ಅರ್ಜಿ ಹಾಕಿ. ಕೋರ್ಟ್ ನಿಮ್ಮನ್ನ ಬಿಡುತ್ತೆ.”

ಅಂಥದೊಂದು ಬಾಗಿಲು ಇದೆ ಎಂದು ಅವರಿಗೆ ಗೊತ್ತೇ ಇರಲಿಲ್ಲ. “ಮತ್ತೆ ಅವ?”

“ಬೇರೆ ಜಾಮೀನುದಾರ ಕೊಡ್ಬೇಕು. ಇಲ್ಲಾಂದ್ರೆ ವಾಪಸ್ ಅಂದರ್.”

ಲೀಲಾಧರಣ್ಣ ಅಂಗಳದ ಆಚೆ ನೋಡಿದರು. ಅಲ್ಲಿ ಜಟ್ಟೆಪ್ಪ, ಹಣೆಯಲ್ಲಿ ಗಾಯದ ಗೀರು ಉಳಿದಿದ್ದ ಟೆಂಪೋ ಡ್ರೈವರನಿಗೆ ಯಾವ ಕೋಣೆಗೆ ಹೋಗಬೇಕೆಂದು ಕೈ ಮಾಡಿ ತೋರಿಸುತ್ತಿದ್ದ.

“ಬೇಡ ಮಗಾ,” ಎಂದರು. “ಇರ್ಲಿ. ಈಗ ಅಭ್ಯಾಸ ಆಯ್ತು.”

ಕೇಸು ಇನ್ನೂ ನಡೆಯುತ್ತಿದೆ. ತಾರೀಕಿನ ದಿನ ಇಬ್ಬರೂ ಬೇಲಾಪುರಕ್ಕೆ ಹೋಗುತ್ತಾರೆ, ಬೇರೆಬೇರೆ ಗಾಡಿಯಲ್ಲಿ. ಒಟ್ಟಿಗೆ ಹೋದರೆ ಲೀಲಾಧರಣ್ಣ ಇಳಿಯುವವರೆಗೂ ಬುದ್ಧಿ ಹೇಳುತ್ತಾರೆಂದು ಜಟ್ಟೆಪ್ಪನೇ ಈ ಏರ್ಪಾಡು ಮಾಡಿಕೊಂಡಿದ್ದಾನೆ.