ಆಯಿಯ ಸೆರಗಿನ ಗಂಟು

ಅಕ್ಕನ ಮಗಳಿಗೆ ಆಗ ನಾಲ್ಕೂವರೆ ವರ್ಷ. ಸೂಟಿಗೆಂದು ಬಸವನ ಬಾಗೇವಾಡಿಯಿಂದ ಸಿಂದಗಿಯ ನಮ್ಮ ಮನೆಗೆ ಬಂದಿದ್ದಳು. ಹೇಳಿದ್ದನ್ನೆಲ್ಲ ಮರೆಯುತ್ತಾಳೆ ಎಂದು ಎಲ್ಲರೂ ಅನ್ನುತ್ತಿದ್ದರು. ಅದು ಪೂರ್ತಿ ನಿಜವಲ್ಲ. ನಳ ಬಂದ ಕೂಡಲೇ ಕರೆ ಎಂದು ಹೇಳಿ ನಾನು ಒಳಗೆ ಹೋದರೆ, ನಳ ಬಂದು ಕೊಡ ತುಂಬಿ ಅಂಗಳಕ್ಕೆಲ್ಲ ನೀರು ಹರಿದರೂ ಅವಳು ಅದರಲ್ಲೇ ಕಾಲಾಡಿಸುತ್ತ ಕೂತಿರುತ್ತಿದ್ದಳು. ಏನು ಹೇಳಿದ್ದೆ ಎಂದು ಕೇಳಿದರೆ ಮಾತ್ರ ತಪ್ಪಿಲ್ಲದೆ ಒಪ್ಪಿಸುತ್ತಿದ್ದಳು. ಮಾತು ತಲೆಯಲ್ಲೇ ಇರುತ್ತಿತ್ತು, ಸರಿಯಾದ ಹೊತ್ತಿಗೆ ತಾನಾಗಿ ಎದ್ದು ಬರುತ್ತಿರಲಿಲ್ಲ.

ಒಂದು ಐತವಾರ ಮುಂಜಾನೆ ಅವಳು ಖಣ ಕತ್ತರಿಸಿದಳು. ಕುಪ್ಪಸ ಹೊಲಿಸಲು ಅಕ್ಕ ಕೊಂಡು ನಮ್ಮಲ್ಲೇ ಬಿಟ್ಟುಹೋಗಿದ್ದ ಗುಳೇದಗುಡ್ಡದ ಖಣ ಅದು. ಅದರ ಒಂದು ಮೂಲೆ ಗೊಂಬೆಗೆ ಸೀರೆಯಾಗಿತ್ತು. ನನ್ನ ಅವ್ವ, ಅಂದರೆ ಅವಳ ಆಯಿ, ಬೈಯಲಿಲ್ಲ. ಸಂಜೆ ಅಕ್ಕ ಬಂದಾಗ ಹೇಳುತ್ತೇನೆಂದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು, ಅಷ್ಟೇ. ಒಂದು ದೂರು ಬಂದರೂ ಮಗಳನ್ನು ಅಂದೇ ಬಸ್ಸು ಹತ್ತಿಸುವುದಾಗಿ ಅಕ್ಕ ಮೊದಲೇ ಹೇಳಿದ್ದಳು. ಹುಡುಗಿಗೆ ಸೂಟಿ ಮುಗಿಯುವ ತನಕ ಇಲ್ಲೇ ಇರಬೇಕಿತ್ತು. ಅವಳು ಇರುವುದು ನನಗೂ ಬೇಕಿತ್ತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಆ ಗಂಟು ಯಾಕೆಂದು ಅವಳು ನನ್ನನ್ನು ಕೇಳಿದಳು. ಅದನ್ನು ನೋಡಿದಾಗ ಆಯಿಗೆ ಹೇಳಬೇಕಾದದ್ದು ನೆನಪಾಗುತ್ತದೆ ಎಂದೆ.

'ಬಿಚ್ಚಿದ್ರ?'

'ಮರಿತಾಳ.'

ಇಷ್ಟೇ ನನ್ನ ಅಪರಾಧ.

ಆದರೆ ಬಿಚ್ಚುವುದು ಸುಲಭವಿರಲಿಲ್ಲ. ಅವ್ವ ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡು ಓಡಾಡುತ್ತಿದ್ದಳು. ಎರಡು ಸಲ ಕೈಹಾಕಿ, ಎರಡು ಸಲವೂ ಹುಡುಗಿ ಕೈಮೇಲೆ ಪೆಟ್ಟು ತಿಂದಳು. ಆಮೇಲೆ ಪಕ್ಕದ ಮನೆಗೆ ಆಡಲು ಹೋದಳು. ಮರೆತಳು ಎಂದುಕೊಂಡೆ. ಮಧ್ಯಾಹ್ನ ಅವ್ವ ರೊಟ್ಟಿ ಬಡಿಯಲು ಕೂತಳು. ಆ ಸಪ್ಪಳ ಕೇಳಿದ್ದೇ ತಡ, ಹುಡುಗಿ ಒಂದು ಕಾಲಲ್ಲಿ ಮಾತ್ರ ಚಪ್ಪಲಿ ಮೆಟ್ಟಿಕೊಂಡು ಓಡಿ ಬಂದಳು. ರೊಟ್ಟಿ ಬಡಿಯುವಾಗ ಆಯಿಯ ಎರಡೂ ಕೈ ಹಿಟ್ಟಾಗಿರುತ್ತವೆ, ಸೆರಗು ಹಿಂದೆ ನೆಲದ ಮೇಲೆ ಬಿದ್ದಿರುತ್ತದೆ. ಇಷ್ಟನ್ನೂ ಅವಳು ಯಾವಾಗಲೋ ಲೆಕ್ಕ ಹಾಕಿ ಇಟ್ಟುಕೊಂಡಿದ್ದಳು. ಆಯಿಯ ಬೆನ್ನ ಹಿಂದೆ ಕೂತು ಗಂಟನ್ನು ಹಲ್ಲಿನಿಂದ ಬಿಚ್ಚಿದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ, ತಡೆಯಲಿಲ್ಲ.

ಸಂಜೆ ಅಕ್ಕ ಬಂದಳು. ಚಹಾ ಕುಡಿಯುತ್ತ ಅವ್ವ ಸೆರಗಿನ ತುದಿ ತಡವಿದಳು, ಮತ್ತೊಮ್ಮೆ ತಡವಿದಳು. ಏನೋ ಹೇಳೂದಿತ್ತು ಎಂದು ಗೊಣಗಿದಳು. ಹುಡುಗಿ ಆ ತುದಿಯನ್ನೇ ನೋಡುತ್ತ ಕೂತಿದ್ದಳು.

ಬಟ್ಟಲು ಕೆಳಗಿಟ್ಟ ಅಕ್ಕ ಕೇಳಿದಳು: 'ನನ್ನ ಖಣಾ ಎಲ್ಲೈತಿ?'

ಅದನ್ನು ಒಯ್ಯಲೆಂದೇ ಬಂದಿದ್ದಳು. ಹುಡುಗಿ ಎದ್ದು ಅಕ್ಕನ ಸೆರಗಿನ ಎರಡೂ ಮೂಲೆ ನೋಡಿದಳು. ಆಮೇಲೆ ನನ್ನತ್ತ ತಿರುಗಿ, ದೊಡ್ಡ ಮೋಸವಾದವಳಂತೆ ಹೇಳಿದಳು:

'ಚಿಗವ್ವಾ, ಮಮ್ಮಿಗೆ ಗಂಟ ಇಲ್ದನ ನೆನಪ ಐತಿ. ನೀ ಸುಳ್ಳ ಹೇಳಿದಿ.'

ಎಲ್ಲವೂ ಹೊರಬಿತ್ತು. 'ಹಾಂ, ಅದನ್ನ ಹೇಳೂದಿತ್ತ ನೋಡು' ಎಂದಳು ಅವ್ವ, ಸಮಾಧಾನದಿಂದ. ಅಕ್ಕ ಮಗಳನ್ನು ಬಿಟ್ಟು ನನ್ನನ್ನು ನೋಡಿದಳು.

'ಎಂ.ಎ. ಮಾಡಿದ್ದು ಇದನ್ನ ಕಲಿಸಾಕೇನ? ಇಬ್ರೂ ಕೂಡಿ ಅದನ್ನ ಹೊಲಿಸ್ರಿ. ಕುಪ್ಪಸಾ ತಯಾರಾಗೂ ತನಕ ಇಬ್ರೂ ಬಾಗೇವಾಡಿಗೆ ಬರಬ್ಯಾಡ್ರಿ.'

ಮರುದಿನ ಟೇಲರ್ ಅಂಗಡಿಯಲ್ಲಿ, ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಇಡೀ ಕತೆ ಹೇಳಿದಳು, ನನ್ನ ಪಾಲನ್ನೂ ಬಿಡದೆ. ಅಂಗಡಿಯಲ್ಲಿದ್ದ ಮೂವರು ಹೆಂಗಸರು ನನ್ನನ್ನು ತಿರುಗಿ ನೋಡಿದರು. ಟೇಲರ್ ನಗುತ್ತ ಖಣ ಅಳೆದು, ಬಗಲಲ್ಲಿ ತುಂಡು ಜೋಡಿಸಿದರೆ ಕಾಣುವುದಿಲ್ಲ, ನಾಲ್ಕು ದಿನಕ್ಕೆ ಕೊಡುತ್ತೇನೆ ಎಂದ.

'ಅವಸರ ಏನಿಲ್ರಿ' ಎಂದೆ. 'ಸೂಟಿ ಮುಗಿಯೂ ಹೊತ್ತಿಗೆ ಕೊಡ್ರಿ.'