ಸೋಮವಾರವೇ ಹೊರಟ ಬ್ಯಾಗು

ಬಸ್ಸು ಹತ್ತಿದ ನಿಮಿಷ, ಇಳಿದ ನಿಮಿಷ ಎರಡನ್ನೂ ಡೈರಿಯಲ್ಲಿ ಬರೆದಿಡುವುದು ನನ್ನ ಚಟ. ಯಾರಿಗೂ ಉಪಯೋಗವಿಲ್ಲ, ಬರೆಯದಿದ್ದರೆ ಮಾತ್ರ ಊರು ಮುಟ್ಟಿದ ಹಾಗೇ ಅನ್ನಿಸುವುದಿಲ್ಲ. ದೊಡ್ಡಮ್ಮ ಮಗಳ ಬಾಣಂತನಕ್ಕೆ ಮಸ್ಕತ್ತಿಗೆ ಹೊರಡುವುದು ಗಟ್ಟಿಯಾದಾಗ ಹೊಸ ಪುಟವನ್ನೇ ತೆರೆದೆ. ಬೆಂಗಳೂರಿನಿಂದ ಹೆಚ್ಚುಕಡಿಮೆ ಎರಡು ಸಾವಿರದ ಮುನ್ನೂರು ಕಿಲೋಮೀಟರು, ವಿಮಾನದಲ್ಲಿ ಮೂರೂವರೆ ಗಂಟೆ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಕೆಂಪು ಶಾಯಿಯಲ್ಲಿ ಬರೆದು ತೋರಿಸಿದೆ.

"ಅದೆಲ್ಲ ಇರ್ಲಿ, ಹೊರಡೋದು ಯಾವ ವಾರ?" ಎಂದರು ದೊಡ್ಡಮ್ಮ.

ಮಂಗಳವಾರ ಮಧ್ಯಾಹ್ನ ರೈಲು, ಬುಧವಾರ ಬೆಳಿಗ್ಗೆ ವಿಮಾನ ಎಂದೆ.

"ಮಂಗಳವಾರ ಪ್ರಯಾಣ ಶುರು ಮಾಡ್ತಾರೇನವ್ವ? ಸೋಮವಾರನೇ ಬ್ಯಾಗು ಹರಿಹರದಾಗೆ ಇಟ್ಟು ಬಾ."

ಇದು ಹಳಬರ ಉಪಾಯ. ಹೊರಡುವ ದಿನ ಸರಿಯಿಲ್ಲದಿದ್ದರೆ ಅದಕ್ಕೂ ಮೊದಲಿನ ಒಳ್ಳೆಯ ದಿನ ನೋಡಿ ಗಂಟನ್ನು ಬೇರೆಯವರ ಮನೆಯಲ್ಲಿಡುವುದು. ಗಂಟು ಹೊರಟರೆ ಮನುಷ್ಯರೂ ಹೊರಟಂತೆ. ಪಕ್ಕದ ಮನೆಯೇ ಸಾಕಿತ್ತು. ಆದರೆ ಕಡಲು ದಾಟುವವರ ಬ್ಯಾಗು ಊರನ್ನಾದರೂ ದಾಟಬೇಕಂತೆ. ಹಾಗಾದರೆ ಪ್ರಯಾಣ ನಿಜವಾಗಿ ಶುರುವಾಗುವುದು ಎಲ್ಲಿಂದ? ಟಿಕೆಟ್ಟಿನಲ್ಲಿ ಇದಕ್ಕೊಂದು ಕಾಲಮ್ಮಿಲ್ಲ.

ಸೋಮವಾರ ಒಂಬತ್ತು ಹತ್ತರ ಬಸ್ಸಿಗೆ ದಾವಣಗೆರೆ ಬಿಟ್ಟು, ಒಂಬತ್ತು ನಲವತ್ತೆಂಟಕ್ಕೆ ಹರಿಹರದ ಸೋದರಮಾವನ ಮನೆಯಲ್ಲಿ ಬ್ಯಾಗು ಇಳಿಸಿ ವಾಪಸಾದೆ. ಮರುದಿನ ಮತ್ತೆ ಹರಿಹರಕ್ಕೆ ಹೋಗಿ ಬ್ಯಾಗಿನ ಜೊತೆ ನಾನು ಅಲ್ಲೇ ರೈಲು ಹತ್ತುವುದು, ಹದಿನಾಲ್ಕು ಕಿಲೋಮೀಟರ್ ಈಚೆ ದಾವಣಗೆರೆಯಲ್ಲಿ ದೊಡ್ಡಮ್ಮ ಹತ್ತುವುದು. ಲೆಕ್ಕ ಚೊಕ್ಕವಾಗಿತ್ತು.

ಮಂಗಳವಾರ ಬಸ್ ಸ್ಟ್ಯಾಂಡಿಗೆ ಹೊರಟ ನನ್ನ ಆಟೋ ರೈಲ್ವೆ ಗೇಟಿನಲ್ಲಿ ಸಿಕ್ಕಿಕೊಂಡಿತು. ಗೂಡ್ಸು ಗಾಡಿ ಅರ್ಧ ದಾಟಿ ನಿಂತೇಬಿಟ್ಟಿತು. ಆಗ ದೊಡ್ಡಮ್ಮನ ಫೋನು: "ಯವ್ವಾ, ಪಾಸ್‌ಪೋರ್ಟೂ ಬ್ಯಾಗಿನಾಗೇ ಐತೆ. ಮುಖ್ಯದ್ದೇ ಹೋಗ್ದಿದ್ರೆ ಹೊರಟಂಗೆ ಹೆಂಗಾಗ್ತೈತೆ ಅಂತ ನಾನೇ ಇಟ್ಟೆ."

ಈ ರೈಲಿಗೆ ಬ್ಯಾಗು ಬಾರದಿದ್ದರೆ ವಿಮಾನವಿಲ್ಲ. ವಿಮಾನವಿಲ್ಲದಿದ್ದರೆ ಹೆರಿಗೆಯ ಹೊತ್ತಿಗೆ ಅಕ್ಕನ ಪಕ್ಕದಲ್ಲಿ ತಾಯಿಯಿಲ್ಲ. ಹರಿಹರದ ಸ್ಟೇಷನ್ ಮುಟ್ಟಲು ಒಂದು ಗಂಟೆ ಇಪ್ಪತ್ತೆರಡು ನಿಮಿಷ ಹಿಡಿಯಿತು. ಅಷ್ಟು ಹೊತ್ತಿಗೆ ವಿಮಾನವಾಗಿದ್ದರೆ ಅರಬ್ಬೀ ಸಮುದ್ರದ ಮೇಲಿರುತ್ತಿತ್ತು. ರೈಲು ಬಂದು ನಿಂತಿತ್ತು. ದೊಡ್ಡಮ್ಮ ಮಾವನಿಗೂ ಫೋನು ಮಾಡಿದ್ದರಂತೆ, ಅವರು ಬ್ಯಾಗನ್ನು ತಲೆಯ ಮೇಲೆ ಹೊತ್ತು ಬೋಗಿಯ ಬಾಗಿಲಲ್ಲೇ ಇದ್ದರು. "ನಿನ್ ಡೈರಿ ನಂಬ್ಕಂಡಿದ್ರೆ ನಮ್ಮಕ್ಕ ಮೊಮ್ಮಗೂನ ಫೋನ್ನಾಗೇ ಆಡಿಸ್ಬೇಕಿತ್ತು, ಹತ್ತು ಹತ್ತು!"

ದಾವಣಗೆರೆಯಲ್ಲಿ ದೊಡ್ಡಮ್ಮ ಕಿಟಕಿಯಲ್ಲಿ ಮೊದಲು ಬ್ಯಾಗನ್ನು ನೋಡಿದರು, ಆಮೇಲೆ ನನ್ನನ್ನು.

ಬುಧವಾರ ಬೆಂಗಳೂರಿನಲ್ಲಿ ದೊಡ್ಡಮ್ಮನನ್ನು ಬೀಳ್ಕೊಟ್ಟು ನಾನು ಹಿಂದಿರುಗಿದೆ. ವಿಮಾನ ಇನ್ನೂ ಆಕಾಶದಲ್ಲಿದ್ದಾಗಲೇ ಅಕ್ಕನಿಗೆ ಹೆಣ್ಣು ಕೂಸು ಹುಟ್ಟಿತು. ಎರಡು ಗಡಿಯಾರಗಳನ್ನೂ ಹೊಂದಿಸಿ ನೋಡಿದೆ: ದೊಡ್ಡಮ್ಮ ಆಸ್ಪತ್ರೆ ಮುಟ್ಟಿದ್ದು ಎರಡು ಗಂಟೆ ಹತ್ತು ನಿಮಿಷ ತಡವಾಗಿ. ಸಂಜೆ ಫೋನಿನಲ್ಲಿ ಅಳುಕುತ್ತಲೇ ಅದನ್ನು ಹೇಳಿದೆ.

"ತಡ ಅಂದೋರ್ಯಾರು?" ದೊಡ್ಡಮ್ಮನ ದನಿಯ ಹಿಂದೆ ಕೂಸು ಅಳುತ್ತಿತ್ತು. "ಅದು ಬರೋವಾಗ ನಾ ಮನ್ಯಾಗೆ ಕುಂತಿದ್ನೇನು? ಸೋಮವಾರದಿಂದ ದಾರ್ಯಾಗೇ ಇದ್ನಲ್ಲ!"

ಡೈರಿ ತೆಗೆದೆ. ವಿಮಾನ ಹಾರಿದ ಹೊತ್ತನ್ನು ಹೊಡೆದು ಹಾಕಿ, 'ಹೊರಟದ್ದು' ಎಂಬುದರ ಮುಂದೆ ಕೆಂಪು ಶಾಯಿಯಲ್ಲೇ ಬರೆದೆ: ಸೋಮವಾರ, ಒಂಬತ್ತು ಹತ್ತು, ಹರಿಹರದ ಬಸ್ಸು.